ಜೋಸ್ಕಾನ್‌ನ ‘ಆವೆ ಮರಿಯಾ’ದಲ್ಲಿ ಮುಖ್ಯ ದನಿ ಯಾವುದು?

ಸುಮಾರು ಐನೂರು ವರ್ಷ ಹಿಂದಿನ ಯುರೋಪಿನ ಸಂಗೀತ ರಚನಕಾರ ಜೋಸ್ಕಾನ್ ದೆ ಪ್ರೆಯ ‘ಆವೆ ಮರಿಯಾ... ವಿರ್ಗೋ ಸೆರೇನಾ’ ಕೇಳಿದಿರಿ, ನಾಲ್ಕು ದನಿ ನಾಲ್ಕು ದಿಕ್ಕಿಗೆ ಹೋಗುತ್ತವೆ, ಇದರಲ್ಲಿ ಮುಖ್ಯ ಹಾಡು ಯಾವುದು ಅಂತ ಕೇಳಿದ್ದೀರಿ. ಮುಖ್ಯ ದನಿ ಅಂತ ಒಂದಿಲ್ಲ. ನಾಲ್ಕೂ ಸರಿಸಮ. ಒಬ್ಬರು ಹಾಡಿ ಉಳಿದವರು ಪಕ್ಕವಾದ್ಯ ನುಡಿಸೋದು ನಮಗೆ ರೂಢಿ. ಹಾಗಾಗಿ ಮೊದಲ ಸಲ ಗಲಿಬಿಲಿ ಆಗೋದು ಸಹಜ.

ಶುರುವಿನ ಒಂದು ನಿಮಿಷವನ್ನಷ್ಟೇ ನಾಲ್ಕೈದು ಸಲ ಕೇಳಿ. ಎಲ್ಲಕ್ಕಿಂತ ಮೇಲಿನ ದನಿ ಸೊಪ್ರಾನೊ ಒಂಟಿಯಾಗಿ ‘ಆವೆ ಮರಿಯಾ’ ಎನ್ನುತ್ತದೆ. ಮೊದಲ ಹೆಜ್ಜೆಯೇ ಕೆಳಗಿನ ‘ಪ’ದಿಂದ ‘ಸ’ಕ್ಕೆ ಒಂದು ಜಿಗಿತ. ಅದೇ ಸಾಲನ್ನು ಅದರ ಕೆಳಗಿನ ದನಿ ಆಲ್ಟೊ ಎತ್ತಿಕೊಳ್ಳುತ್ತದೆ, ಆಮೇಲೆ ಇನ್ನೂ ಕೆಳಗಿನ ಟೆನರ್, ಕೊನೆಗೆ ಎಲ್ಲಕ್ಕಿಂತ ಕೆಳಗಿನ ಬಾಸ್. ಮುಂದಿನ ಮಾತು ಬಂದರೆ ಹೊಸ ಸಾಲು, ಮತ್ತೆ ಅದೇ ಆಟ. ‘ವಿರ್ಗೋ ಸೆರೇನಾ’ ಹೊತ್ತಿಗೆ ನಾಲ್ಕೂ ಸೇರಿ ತುಂಬಿಕೊಳ್ಳುತ್ತವೆ. ಇದನ್ನೇ ಇಮಿಟೇಶನ್ ಅನ್ನೋದು. ಸಾಲುಸಾಲಾಗಿ ಮಾತಿಗೆ ತಕ್ಕ ಹಾಗೆ ಸಂಗೀತ ಬದಲಾಗುತ್ತಾ ಹೋಗುವುದು ಆ ಕಾಲದ ಬಹುದನಿಯ ಲ್ಯಾಟಿನ್ ಭಕ್ತಿಗೀತೆಯಾದ ಮೋಟೆಟ್‌ನ ಜೀವ. ವೆನಿಸ್‌ನಲ್ಲಿ ಮುದ್ರಕ ಪೆಟ್ರುಚ್ಚಿ 1502ರಲ್ಲಿ ಅಚ್ಚುಹಾಕಿದ ತನ್ನ ಮೊದಲ ಮೋಟೆಟ್ ಸಂಗ್ರಹವನ್ನು ಇದರಿಂದಲೇ ಶುರುಮಾಡಿದ.

ಹಾಗಂತ ಇಡೀ ಹಾಡು ಹೀಗೇ ಇಲ್ಲ. ಕೆಲವು ಕಡೆ ಇಬ್ಬಿಬ್ಬರೇ ಹಾಡುತ್ತಾರೆ. ‘ಆವೆ ವೆರಾ ವಿರ್ಗಿನಿತಾಸ್’ನಲ್ಲಿ ತಾಳ ಮೂರರ ನಡೆಗೆ ತಿರುಗುತ್ತದೆ. ನಾಲ್ವರೂ ಒಟ್ಟಿಗೆ ಹೆಜ್ಜೆ ಹಾಕುತ್ತಿದ್ದಾರೆ ಅನ್ನಿಸುತ್ತದೆ, ಆದರೆ ಟೆನರ್ ಸೊಪ್ರಾನೊವನ್ನು ಒಂದೇ ಎಣಿಕೆ ಹಿಂದೆ, ಅದೇ ಸಾಲಿನಲ್ಲಿ ಹಿಂಬಾಲಿಸುತ್ತಿರುತ್ತದೆ. ನಾನು ಒಂದು ಸಣ್ಣ ಹಾಡುಗಾರರ ತಂಡದಲ್ಲಿ, ಅಂದರೆ ಕಾಯರ್‌ನಲ್ಲಿ ಟೆನರ್. ಮೊದಲ ಪ್ರಾಕ್ಟೀಸಿನಲ್ಲಿ ಪಕ್ಕದ ಸೊಪ್ರಾನೊ ಕಿವಿಗೆ ಬಿದ್ದು, ಗೊತ್ತಿಲ್ಲದೆ ಅವರ ಜೊತೆಗೇ ಹೊರಟುಬಿಟ್ಟೆ. ಎರಡು ಸಾಲು ದಾಟುವಷ್ಟರಲ್ಲಿ ಎಲ್ಲರೂ ನಿಂತು ನನ್ನನ್ನೇ ನೋಡುತ್ತಿದ್ದರು. ಈಗಲೂ ಆ ಜಾಗದಲ್ಲಿ ಬೆರಳಲ್ಲಿ ಎಣಿಸಿಕೊಂಡೇ ಹಾಡುತ್ತೇನೆ.

ನನಗೆ ಜಾಸ್ತಿ ಇಷ್ಟ ಕೊನೆ. ಎಲ್ಲ ದನಿಗಳೂ ಒಮ್ಮೆ ಸುಮ್ಮನಾಗುತ್ತವೆ. ಆಮೇಲೆ ಯಾವ ಚಮತ್ಕಾರವೂ ಇಲ್ಲದೆ, ಉದ್ದುದ್ದ ಸ್ವರಗಳಲ್ಲಿ, ನಾಲ್ವರೂ ಒಟ್ಟಿಗೆ: ‘ಓ ಮಾತೆರ್ ದೇಯಿ, ಮೆಮೆಂತೊ ಮೇಯಿ’. ದೇವಮಾತೆಯೇ, ನನ್ನನ್ನು ನೆನೆ ಅಂತ. ಅಷ್ಟು ಹೊತ್ತು ಯೇಸುವಿನ ತಾಯಿ ಮರಿಯಳ ಹೊಗಳಿಕೆ, ‘ನಾನು’ ಅನ್ನುವವನು ಬರೋದು ಇಲ್ಲಿ ಮಾತ್ರ. ಕೊನೆಯ ‘ಆಮೆನ್’ ನಿಲ್ಲುವುದು ಬರೀ ‘ಸ’ ಮತ್ತು ‘ಪ’ದ ಮೇಲೆ, ‘ಗ’ ಇಲ್ಲವೇ ಇಲ್ಲ. ತಂಬೂರಿ ಕೇಳಿ ಬೆಳೆದ ಕಿವಿಗೆ ಇದು ತೀರ ಪರಿಚಿತ, ಅಲ್ವಾ?

ಅಂದಹಾಗೆ, ಫೋನ್ ಸ್ಪೀಕರ್‌ನಲ್ಲಿ ಕೇಳಬೇಡಿ. ಬಾಸ್ ಸರಿಯಾಗಿ ಕೇಳಿಸಲ್ಲ, ನಾಲ್ಕರಲ್ಲಿ ಒಂದು ಕಳೆದುಹೋಗುತ್ತದೆ.