ಬ್ಯಾಲೆಯ ಉಡುಪು ಬೀದಿಗಿಳಿದದ್ದು

ಪ್ರಶ್ನೆ: ನಮ್ಮ ಯಕ್ಷಗಾನದ ವೇಷವನ್ನು ರಂಗಸ್ಥಳದ ಹೊರಗೆ ಯಾರೂ ತೊಡುವುದಿಲ್ಲ. ಪ್ಯಾರಿಸ್ಸಿನಲ್ಲಿ ಬ್ಯಾಲೆಯ ಉಡುಪೇ ಫ್ಯಾಷನ್ ಆಗಿತ್ತೆಂಬುದು ನಿಜವೇ?
– ಓದುಗರೊಬ್ಬರು, ಕುಂಬಳೆ, ಕಾಸರಗೋಡು

ಉತ್ತರ: ಬಹುಮಟ್ಟಿಗೆ ನಿಜ. 1909ರಲ್ಲಿ ಪ್ಯಾರಿಸ್ಸಿಗೆ ಬಂದ ದಿಯಾಘಿಲೆವ್ ಅವರ ರಷ್ಯನ್ ಬ್ಯಾಲೆ ತಂಡವು ಮರುವರ್ಷ ಅರೇಬಿಯನ್ ನೈಟ್ಸ್ ಕಥೆಯ ‘ಶೆಹೆರಾಜಾದ್’ ಪ್ರದರ್ಶಿಸಿದಾಗ, ರಂಗಸಜ್ಜಿಕೆ ಮತ್ತು ಉಡುಪಿನ ವಿನ್ಯಾಸಕ ಲಿಯೊನ್ ಬಾಕ್‌ಸ್ಟ್ ಕಡುಹಸಿರು, ನೀಲಿ, ಕಿತ್ತಳೆ ಬಣ್ಣಗಳನ್ನು ಅಳುಕಿಲ್ಲದೆ ಎದುರುಬದುರು ನಿಲ್ಲಿಸಿ ರೂಪಿಸಿದ ದೃಶ್ಯ, ಸಡಿಲ ಷರಾಯಿ, ಮುಂಡಾಸುಗಳು ಸಿರಿವಂತ ಪ್ರೇಕ್ಷಕಿಯರ ಉಡುಗೆಯ ಮೇಲೂ ಗೃಹಾಲಂಕಾರದ ಮೇಲೂ ಗಾಢ ಪ್ರಭಾವ ಬೀರಿದವು. ಆದರೆ ಶ್ರೇಯವೆಲ್ಲ ಬ್ಯಾಲೆಗೇ ಸಲ್ಲದು. ವಸ್ತ್ರವಿನ್ಯಾಸಕ ಪಾಲ್ ಪೊಯ್ರೆ ಅದಕ್ಕೂ ಮೊದಲೇ ಸೊಂಟ ಬಿಗಿಯುವ ಕಾರ್ಸೆಟ್ಟನ್ನು ಕೈಬಿಟ್ಟು ನೇರವಾಗಿ ಇಳಿಬೀಳುವ ನಿಲುವಂಗಿಗಳನ್ನು ಹೊಲಿಸಿದ್ದರು. 1911ರಲ್ಲಿ ಅತಿಥಿಗಳೆಲ್ಲ ಪರ್ಷಿಯನ್ ವೇಷದಲ್ಲೇ ಬರಬೇಕೆಂಬ ಔತಣವನ್ನೂ ಏರ್ಪಡಿಸಿದ ಈ ಮಹಾಶಯರು, ತಮಗೆ ಬಾಕ್‌ಸ್ಟ್‌ರ ಋಣವಿದೆಯೆಂದು ಮಾತ್ರ ಒಪ್ಪಲಿಲ್ಲ!