ಮುಗಿಸಿದ ಗೇಮನ್ನು ಮತ್ತೆ ಆಡುವುದೇಕೆ?

ಒಮ್ಮೆ ಮುಗಿಸಿದ ವಿಡಿಯೊ ಗೇಮ್‌ಗಳನ್ನು ಮತ್ತೆ ಆಡುವ ಬಗ್ಗೆ ಓದುಗರಿಂದ ಬಂದ ಪತ್ರಗಳಲ್ಲಿ ನಾಲ್ಕಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕಲಿಯಲು ಹೋಗುತ್ತಿದ್ದಾಗ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಡುತ್ತಿದ್ದೆ. ಈಗ ನಲವತ್ತೈದನೆಯ ವಯಸ್ಸಿನಲ್ಲಿ ಅದನ್ನೇ ಮತ್ತೆ ಹಿಡಿದಿದ್ದೇನೆ. ದುಡ್ಡು ಕೊಟ್ಟು ಕೊಂಡ ಹೊಸ ಗೇಮ್‌ಗಳು ಹಾಗೆಯೇ ಬಿದ್ದಿವೆ. ಇದು ಬರೀ ಹಳೆಯ ನೆನಪಿನ ಸೆಳೆತವೇ, ಆ ಗೇಮಿನಲ್ಲಿ ನಿಜವಾಗಿ ಸತ್ತ್ವವಿದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೆನಪಿನ ಸೆಳೆತ ಇದ್ದೇ ಇರುತ್ತದೆ. ಆದರೆ ಬರೀ ನೆನಪಿನ ಬಲದಿಂದ ಯಾವ ಗೇಮೂ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ನಮ್ಮನ್ನು ಹಿಡಿದಿಡಲಾರದು ಎಂಬುದು ನನ್ನ ಅನುಭವ. ಬಾಲ್ಯದ ಎಷ್ಟೋ ಗೇಮ್‌ಗಳನ್ನು ಆಸೆಯಿಂದ ತೆರೆದು, ಮೊದಲ ಹಂತದ ಸಂಗೀತ ಕೇಳಿ ಸಂತೋಷಪಟ್ಟು, ಎರಡನೆಯ ಹಂತಕ್ಕೆ ಬರುವಷ್ಟರಲ್ಲಿ ಮುಚ್ಚಿದ್ದೇನೆ. ಜೋರ್ಡಾನ್ ಮೆಕ್ನರ್ 1989ರಲ್ಲಿ ಆಪಲ್ ಟೂ ಕಂಪ್ಯೂಟರಿಗಾಗಿ ರೂಪಿಸಿದ, ಮುಂದೆ ಡಾಸ್ ರೂಪದಲ್ಲಿ ನಮ್ಮ ಕೈಗೆ ಬಂದ ‘ಪ್ರಿನ್ಸ್ ಆಫ್ ಪರ್ಷಿಯಾ’ವನ್ನು ಮಾತ್ರ ಹಾಗೆ ಮುಚ್ಚಲು ನನಗೆ ಇಂದಿಗೂ ಆಗಿಲ್ಲ.

ಕಾರಣ ನಾವು ಆಡಿಸುವ ಆ ರಾಜಕುಮಾರನ ದೇಹದಲ್ಲಿದೆ. ಮೆಕ್ನರ್ ತಮ್ಮ ಕಿರಿಯ ಸಹೋದರ ಓಡುವುದನ್ನು, ಹಾರುವುದನ್ನು, ಗೋಡೆ ಹತ್ತುವುದನ್ನು ವಿಡಿಯೊದಲ್ಲಿ ಸೆರೆಹಿಡಿದು, ಅದರ ಒಂದೊಂದು ಚಿತ್ರವನ್ನೂ ನೋಡಿ ರಾಜಕುಮಾರನ ಚಲನೆಯನ್ನು ಬರೆದರು. ಆದ್ದರಿಂದ ಅವನಿಗೆ ತೂಕವಿದೆ. ಓಡುವವನು ಕೀಲಿ ಬಿಟ್ಟ ತಕ್ಷಣ ನಿಲ್ಲುವುದಿಲ್ಲ. ಒಂದೆರಡು ಹೆಜ್ಜೆ ಜಾರಿಯೇ ನಿಲ್ಲುತ್ತಾನೆ. ಅಂಚಿನ ಬಳಿ ಬಂದಾಗ ಶಿಫ್ಟ್ ಕೀಲಿ ಒತ್ತಿ ಒಂದೊಂದೇ ಹೆಜ್ಜೆ ಇಡಬೇಕು. ಒಂದು ಅಂತಸ್ತು ಬಿದ್ದರೆ ಏನೂ ಆಗುವುದಿಲ್ಲ, ಎರಡು ಅಂತಸ್ತು ಬಿದ್ದರೆ ಪೆಟ್ಟಾಗುತ್ತದೆ, ಮೂರು ಅಂತಸ್ತು ಬಿದ್ದರೆ ಸಾವೇ ಗತಿ. ನಾನು ಕಲಿಯುತ್ತಿದ್ದ ತರಬೇತಿ ಕೇಂದ್ರದ ಕೀಬೋರ್ಡುಗಳಲ್ಲಿ ಶಿಫ್ಟ್ ಕೀಲಿಯ ಮೇಲಿನ ಬರಹ ಎಲ್ಲಕ್ಕಿಂತ ಮೊದಲು ಅಳಿಸಿಹೋಗಿದ್ದುದು ಈ ಎಚ್ಚರದ ಹೆಜ್ಜೆಗಳಿಂದಲೇ.

ಎರಡನೆಯ ಬಾರಿ ಆಡುವಾಗ ಇನ್ನೊಂದು ಸಂಗತಿ ತೆರೆದುಕೊಳ್ಳುತ್ತದೆ. ನಾಲ್ಕನೆಯ ಹಂತದಲ್ಲಿ ರಾಜಕುಮಾರ ಕನ್ನಡಿಯೊಳಗೆ ಹಾರಿ ಆಚೆ ಹೋದಾಗ ಅವನ ನೆರಳು ಬೇರ್ಪಟ್ಟು ಓಡಿಹೋಗುತ್ತದೆ; ಮುಂದೆ ಅವನಿಗೆ ಸಲ್ಲಬೇಕಾದ ಔಷಧಿಯನ್ನು ಅದೇ ಕುಡಿದುಬಿಡುತ್ತದೆ. ಹನ್ನೆರಡನೆಯ ಹಂತದಲ್ಲಿ ನೆರಳು ಕತ್ತಿ ಹಿಡಿದು ಎದುರು ನಿಲ್ಲುತ್ತದೆ. ಅದಕ್ಕೆ ಹೊಡೆದರೆ ಪೆಟ್ಟು ನಮಗೇ ಬೀಳುತ್ತದೆ. ಕತ್ತಿಯನ್ನು ಒರೆಗೆ ಹಾಕಿ ನಡೆದುಹೋದರೆ ಇಬ್ಬರೂ ಒಂದಾಗುತ್ತಾರೆ. ಹದಿನಾರರ ವಯಸ್ಸಿನಲ್ಲಿ ಗೆಳೆಯನೊಬ್ಬ ಹೇಳಿಕೊಟ್ಟ ಉಪಾಯವೆಂದಷ್ಟೇ ನಾನು ಅದನ್ನು ಮಾಡಿದ್ದೆ. ನಲವತ್ತು ದಾಟಿದ ಮೇಲೆ ಅದೇ ಜಾಗದಲ್ಲಿ ಕತ್ತಿ ಕೆಳಗಿಳಿಸುವಾಗ ಕೀಲಿಯ ಮೇಲೆ ಬೆರಳು ಸ್ವಲ್ಪ ಹೊತ್ತು ಹಾಗೇ ನಿಂತಿತು. ಆಪಲ್ ಟೂ ಕಂಪ್ಯೂಟರಿನ ಮೆಮೊರಿಯಲ್ಲಿ ಇನ್ನೊಂದು ಪಾತ್ರದ ಚಿತ್ರಗಳಿಗೆ ಜಾಗವಿಲ್ಲದ ಕಾರಣ, ಮೆಕ್ನರ್ ರಾಜಕುಮಾರನ ಚಿತ್ರಗಳನ್ನೇ ತುಸು ಜರುಗಿಸಿ ಒಂದರ ಮೇಲೊಂದು ಕೂಡಿಸಿ ಆ ನೆರಳನ್ನು ಮಾಡಿದರಂತೆ. ಜಾಗದ ಕೊರತೆಯಿಂದ ಹುಟ್ಟಿದ ಪಾತ್ರವೇ ಕಥೆಯ ಜೀವಾಳವಾಯಿತು.

ಇನ್ನು ಹೊಸ ಗೇಮ್‌ಗಳ ವಿಚಾರ. ಅವುಗಳಲ್ಲಿ ಒಂದನ್ನಾದರೂ ಬೇಗ ತೆರೆಯಿರಿ. 2024ರ ‘ಪ್ರಿನ್ಸ್ ಆಫ್ ಪರ್ಷಿಯಾ: ದ ಲಾಸ್ಟ್ ಕ್ರೌನ್’ ನಿಮ್ಮಂಥವರಿಗೆ ಹೊಂದುತ್ತದೆ. ದಾಟಲಾಗದ ಬಾಗಿಲು ಎದುರಾದಾಗ ಆ ಜಾಗದ ಚಿತ್ರವನ್ನು ತೆಗೆದು ನಕ್ಷೆಯ ಮೇಲೆ ಅಂಟಿಸಿಕೊಳ್ಳುವ ಸೌಲಭ್ಯ ಅದರಲ್ಲಿದೆ. ವಾರಕ್ಕೊಮ್ಮೆ ಆಡಲು ಕೂರುವ, ನಡುವೆ ದಾರಿ ಮರೆಯುವ ಸಂಸಾರಸ್ಥರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಪ್ರಶ್ನೆ: ಹಳೆಯ ಗೇಮ್‌ಗಳ ಈಗಿನ ಕೆಲವು ಆವೃತ್ತಿಗಳಲ್ಲಿ, ಆಟವನ್ನು ಕೆಲವು ಕ್ಷಣ ಹಿಂದಕ್ಕೆ ಕೊಂಡೊಯ್ಯುವ ‘ರಿವೈಂಡ್’ ಗುಂಡಿ ಇರುತ್ತದೆ. ಅದನ್ನು ಬಳಸಿ ‘ಕಾಂಟ್ರಾ’ದಂಥ ಗೇಮನ್ನು ಮುಗಿಸಿದರೆ ಮುಗಿಸಿದೆನೆಂದು ಹೇಳಿಕೊಳ್ಳಬಹುದೇ? ಮೋಸವೆಂದು ಅಣ್ಣ ಹಂಗಿಸುತ್ತಾನೆ.
– ವಿದ್ಯಾರ್ಥಿನಿ, ಮೈಸೂರು

ಉತ್ತರ: ನಿಮ್ಮ ಅಣ್ಣನವರ ಕಾಲದಲ್ಲೂ ‘ಕಾಂಟ್ರಾ’ದಲ್ಲಿ ಮೂವತ್ತು ಜೀವ ಪಡೆಯುವ ಗುಟ್ಟು ಎಲ್ಲ ಮಕ್ಕಳಿಗೂ ಗೊತ್ತಿತ್ತು: ಮೇಲೆ ಎರಡು, ಕೆಳಗೆ ಎರಡು, ಎಡ, ಬಲ, ಎಡ, ಬಲ, ನಂತರ ಬಿ ಮತ್ತು ಎ ಗುಂಡಿಗಳು. ‘ಕಾಂಟ್ರಾ’ವನ್ನು ತಯಾರಿಸಿದ ಕೊನಾಮಿ ಸಂಸ್ಥೆಯ ಕಜುಹಿಸಾ ಹಶಿಮೊಟೊ 1986ರಲ್ಲಿ ‘ಗ್ರೇಡಿಯಸ್’ ಗೇಮನ್ನು ಮನೆಯ ಟಿವಿಗೆ ಜೋಡಿಸುವ ಗೇಮ್ ಯಂತ್ರಕ್ಕೆ ಅಳವಡಿಸುವಾಗ, ಪರೀಕ್ಷಿಸಿ ನೋಡಲು ತಮಗೇ ಅದು ತೀರ ಕಷ್ಟವೆನಿಸಿದ್ದರಿಂದ, ಗುಂಡಿಗಳ ಇದೇ ಕ್ರಮವನ್ನು ನೆರವಿನ ಗುಟ್ಟಾಗಿ ಮೊದಲು ಅದರಲ್ಲಿ ಸೇರಿಸಿದ್ದರು. ಮಾಡಿದವರಿಗೇ ನೆರವು ಬೇಕಾಗಿತ್ತೆಂದ ಮೇಲೆ ನೀವು ಸಂಕೋಚಪಡಬೇಕಾಗಿಲ್ಲ.

ಆದರೂ ಒಂದು ಮಾತು. ಪ್ರತಿ ಗುಂಡೇಟಿಗೂ ರಿವೈಂಡ್ ಒತ್ತಿದರೆ ಕೈ ಏನನ್ನೂ ಕಲಿಯುವುದಿಲ್ಲ, ಮರುದಿನ ಅದೇ ಜಾಗದಲ್ಲಿ ಮತ್ತೆ ಸಾಯುತ್ತೀರಿ. ಒಂದೇ ಕಷ್ಟದ ಜಾಗವನ್ನು ಹತ್ತು ಸಲ ಅಭ್ಯಾಸ ಮಾಡಲು ಅದನ್ನು ಬಳಸಿ, ಆಮೇಲೆ ಹಂತದ ಮೊದಲಿನಿಂದ ಬನ್ನಿ. ‘ಕಾಂಟ್ರಾ’ವನ್ನಂತೂ ಅಣ್ಣನವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಆಡಬೇಕೆಂದು ನನ್ನ ಆಗ್ರಹ. ಮೂರನೆಯದಾದ ಜಲಪಾತದ ಹಂತದಲ್ಲಿ ಒಬ್ಬರು ಅವಸರದಿಂದ ಮೇಲಕ್ಕೆ ಹಾರುತ್ತ ಹೋದರೆ ಪರದೆಯೂ ಮೇಲಕ್ಕೆ ಸರಿಯುತ್ತದೆ, ಕೆಳಗುಳಿದವರು ಸಾಯುತ್ತಾರೆ. ಒಬ್ಬರು ಇನ್ನೊಬ್ಬರಿಗಾಗಿ ಕಾಯಲೇಬೇಕು. ಟಿವಿಯ ಮುಂದೆ ನೆಲದ ಮೇಲೆ ಕೂತು ‘ನಿಲ್ಲು, ನಿಲ್ಲು, ನಾನಿನ್ನೂ ಹತ್ತಿಲ್ಲ’ ಎಂದು ಕೂಗಾಡಿದ್ದೇ ಆ ಗೇಮಿನ ನಿಜವಾದ ಸುಖ.

ಪ್ರಶ್ನೆ: ‘ರೆಡ್ ಡೆಡ್ ರಿಡೆಂಪ್ಷನ್ 2’ ಮುಗಿಸಿದ್ದೇನೆ. ಕಥಾನಾಯಕ ಆರ್ಥರನ ಗತಿ ಏನಾಗುತ್ತದೆಂದು ಗೊತ್ತಿರುವಾಗ ಅಷ್ಟು ದೀರ್ಘವಾದ ಕಥೆಯನ್ನು ಮತ್ತೆ ಆಡುವುದರಲ್ಲಿ ಅರ್ಥವಿದೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಇದೆ. (ಆ ಗೇಮನ್ನು ಇನ್ನೂ ಆಡದವರು ಈ ಉತ್ತರವನ್ನು ಬಿಟ್ಟು ಮುಂದೆ ಹೋಗಬೇಕೆಂದು ವಿನಂತಿ.) ಎರಡನೆಯ ಅಧ್ಯಾಯದಲ್ಲಿ ಆರ್ಥರ್ ಸಾಲ ವಸೂಲಿಗೆಂದು ಹೋಗಿ, ಕೆಮ್ಮುತ್ತಿರುವ ಬಡ ರೈತನೊಬ್ಬನನ್ನು ಬೇಲಿಗೆ ಒತ್ತಿ ಹೊಡೆಯುವ ದೃಶ್ಯ ಮೊದಲ ಬಾರಿ ಸಣ್ಣದೊಂದು ಕೆಲಸವೆನಿಸುತ್ತದೆ. ಆ ಕೆಮ್ಮಿನಿಂದಲೇ ಆರ್ಥರನಿಗೆ ಕ್ಷಯ ಅಂಟಿತೆಂದು ತಿಳಿದ ಮೇಲೆ ಆ ಹೊಲದ ಕಡೆಗೆ ಕುದುರೆ ನಡೆಸುವುದೇ ಕಷ್ಟವಾಗುತ್ತದೆ. ನಾನು ಎರಡನೆಯ ಬಾರಿ ಆಡಿದಾಗ ದಾರಿಯಲ್ಲಿ ಮೀನು ಹಿಡಿಯುತ್ತ, ಬೇಟೆಯಾಡುತ್ತ, ಆ ಭೇಟಿಯನ್ನು ಎರಡು ವಾರ ಮುಂದೂಡಿದ್ದೆ.

ಇದಕ್ಕೆ ವಿರುದ್ಧವಾದದ್ದು 2019ರ ‘ಔಟರ್ ವೈಲ್ಡ್ಸ್’. ಅದರಲ್ಲಿ ಆಟಗಾರನಿಗೆ ಹೊಸ ಶಕ್ತಿಯಾಗಲಿ ಆಯುಧವಾಗಲಿ ಸಿಗುವುದಿಲ್ಲ. ಮುನ್ನಡೆ ಎಂದರೆ ತಿಳಿವಳಿಕೆ ಮಾತ್ರ. ಒಮ್ಮೆ ತಿಳಿದದ್ದನ್ನು ಮರೆಯಲಾಗದ ಕಾರಣ ಅದನ್ನು ಮತ್ತೆ ಮೊದಲಿನಂತೆ ಆಡಲಾಗದು. ಗೆಳೆಯರೊಬ್ಬರಿಗೆ ಕೊಟ್ಟು, ಅವರು ಆಡುವುದನ್ನು ಬಾಯಿ ಬಿಡದೆ ನೋಡುತ್ತ ಕೂರಬೇಕು.

ಪ್ರಶ್ನೆ: ‘ರೆಸಿಡೆಂಟ್ ಈವಿಲ್ 4’ರ 2005ರ ಮೂಲ, 2023ರ ಮರುಸೃಷ್ಟಿ – ಯಾವುದನ್ನು ಆಡಲಿ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೂಲವನ್ನು ಮೊದಲು ಆಡಿ. ಅದರಲ್ಲಿ ಕಥಾನಾಯಕ ಲಿಯಾನ್ ಬಂದೂಕಿನಿಂದ ಗುರಿಯಿಡುವಾಗ ನಿಂತಲ್ಲಿಂದ ಕದಲಲಾರ. ಮುತ್ತಿಗೆ ಹಾಕುತ್ತಿರುವ ಹಳ್ಳಿಯವರ ಎದುರು ಕಾಲೂರಿ ನಿಲ್ಲಬೇಕಾದ ಆ ಭಯದ ಮೇಲೆಯೇ ಇಡೀ ಗೇಮು ಕಟ್ಟಲ್ಪಟ್ಟಿದೆ. ಮರುಸೃಷ್ಟಿಯಲ್ಲಿ ಅವನು ನಡೆಯುತ್ತಲೇ ಗುಂಡು ಹಾರಿಸಬಲ್ಲ, ಚಾಕುವಿನಿಂದ ಏಟು ತಡೆಯಬಲ್ಲ, ಆ ಚಾಕು ಬಳಸಿದಂತೆಲ್ಲ ಸವೆಯುತ್ತದೆ. ಎರಡೂ ಒಳ್ಳೆಯವೇ, ಆದರೆ ಹೊಸದರ ಸಲೀಸಿಗೆ ಒಗ್ಗಿದ ಕೈ ಹಳೆಯದರ ಬಿಗಿಯನ್ನು ತಾಳಿಕೊಳ್ಳುವುದು ಕಷ್ಟ. ಮೂಲ ಆವೃತ್ತಿ ಈಗಲೂ ಕೊಳ್ಳಲು ಸಿಗುತ್ತಿರುವುದು ಒಂದು ಭಾಗ್ಯ. ಅಮೆರಿಕದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಗೇಮ್‌ಗಳಲ್ಲಿ ಶೇ 87ರಷ್ಟು ಇಂದು ಮಾರಾಟದಲ್ಲಿಲ್ಲವೆಂದು ಅಲ್ಲಿನ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರ ಅಧ್ಯಯನದಲ್ಲಿ ತಿಳಿಸಿದೆ. ನಿಮ್ಮ ಬಳಿ ಹಳೆಯ ಡಿಸ್ಕುಗಳಿದ್ದರೆ ಗುಜರಿಗೆ ಹಾಕಬೇಡಿ; ಒಣಗಿದ ಜಾಗದಲ್ಲಿ, ನೆಟ್ಟಗೆ ನಿಲ್ಲಿಸಿ ಇಡಿ.