ತಿಂದ ಗ್ಲುಟಮೇಟ್ ಮಿದುಳಿಗೆ ಹೋಗುತ್ತದೆಯೇ?

ಪ್ರಶ್ನೆ: ಗ್ಲುಟಮೇಟ್ ಮಿದುಳಿನ ನರಕೋಶಗಳು ಬಳಸುವ ರಾಸಾಯನಿಕವೆಂದು ಓದಿದ್ದೇನೆ. ಗೋಬಿ ಮಂಚೂರಿಗೆ ಹಾಕುವ ಟೇಸ್ಟಿಂಗ್ ಪೌಡರ್‌ನಲ್ಲಿಯೂ ಅದೇ ಇದೆಯಂತೆ. ಕರುಳು ಮಿದುಳಿಗೆ ಸುದ್ದಿ ಮುಟ್ಟಿಸುವುದೂ ಗ್ಲುಟಮೇಟ್‌ನಿಂದಲೇ ಎನ್ನುತ್ತಾರೆ. ಹಾಗಾದರೆ ತಿಂದದ್ದು ನೇರವಾಗಿ ಮಿದುಳನ್ನು ಸೇರುತ್ತದೆಯೇ?
— ಓದುಗರೊಬ್ಬರು, ತುಮಕೂರು

ಉತ್ತರ: ಇಲ್ಲ. ಟೇಸ್ಟಿಂಗ್ ಪೌಡರ್‌ನಲ್ಲಿರಲಿ, ಟೊಮೆಟೊದಲ್ಲಿರಲಿ, ಆಹಾರದ ಗ್ಲುಟಮೇಟ್‌ನ ಬಹುಪಾಲನ್ನು ಸಣ್ಣಕರುಳಿನ ಗೋಡೆಯ ಜೀವಕೋಶಗಳೇ ಇಂಧನವಾಗಿ ಉರಿಸಿಕೊಳ್ಳುತ್ತವೆ. ರಕ್ತಕ್ಕೆ ಸೇರುವ ಅಲ್ಪಸ್ವಲ್ಪವನ್ನೂ ರಕ್ತ ಮತ್ತು ಮಿದುಳಿನ ನಡುವಿನ ತಡೆ ಸುಲಭವಾಗಿ ಒಳಬಿಡುವುದಿಲ್ಲ. ಮಿದುಳು ತನಗೆ ಬೇಕಾದ ಗ್ಲುಟಮೇಟನ್ನು ತಾನೇ ತಯಾರಿಸಿಕೊಳ್ಳುತ್ತದೆ.

ನೀವು ಕೇಳಿರುವ ಸಂಪರ್ಕದ ಮಾತು ಮಾತ್ರ ನಿಜ; ಅಲ್ಲಿ ಕೆಲಸ ಮಾಡುವುದು ಕರುಳಿನ ಕೋಶವೊಂದು ತಾನಾಗಿ ಸ್ರವಿಸುವ ಗ್ಲುಟಮೇಟ್. ಕರುಳಿನ ಒಳಪದರದಲ್ಲಿ ಶೇಕಡಾ 1ಕ್ಕಿಂತ ಕಡಿಮೆಯಿರುವ ಕೆಲವು ಕೋಶಗಳು ಆಹಾರದ ಅಂಶಗಳನ್ನು ಗುರುತಿಸಿ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತವೆಂಬುದು ಹಳೆಯ ತಿಳಿವಳಿಕೆ. ಆದರೆ ಹಾರ್ಮೋನು ರಕ್ತದಲ್ಲಿ ಸಾಗಿ ಪರಿಣಾಮ ಬೀರಲು ನಿಮಿಷಗಳೇ ಬೇಕು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಡಿಯೇಗೊ ಬೊಹೋರ್ಕೆಸ್ ಅವರ ತಂಡ 2018ರಲ್ಲಿ ಇಲಿಗಳ ಮೇಲಿನ ಅಧ್ಯಯನದಿಂದ ತೋರಿಸಿದ್ದು ಬೇರೆಯದೇ ದಾರಿ: ಇಂತಹ ಕೆಲವು ಕೋಶಗಳು ಕರುಳನ್ನು ಮಿದುಳಿಗೆ ಜೋಡಿಸುವ ವೇಗಸ್ ಎಂಬ ನರದ ತುದಿಯೊಡನೆ ನೇರವಾಗಿ ಬೆಸೆದುಕೊಂಡಿದ್ದು, ಸಕ್ಕರೆ ತಾಕಿದೊಡನೆ ಗ್ಲುಟಮೇಟನ್ನು ಆ ನರದ ಮೇಲೆ ಸುರಿಸುತ್ತವೆ; ಕೆಲವೇ ಮಿಲಿಸೆಕೆಂಡುಗಳಲ್ಲಿ ಸಂಕೇತ ನರಕ್ಕೆ ದಾಟಿ, ಮಿದುಳಿನ ಕಾಂಡದತ್ತ ಹೊರಡುತ್ತದೆ. ಈ ಕೋಶಗಳಿಗೆ ಅವರು ನ್ಯೂರೋಪಾಡ್ ಎಂದು ಹೆಸರಿಟ್ಟರು.

ನನಗೆ ಇನ್ನೂ ಮಹತ್ವದ್ದೆನಿಸುವುದು 2022ರ ಅವರ ಪ್ರಯೋಗ. ನಾಲಿಗೆಗೆ ಸಕ್ಕರೆಯೂ ಕೃತಕ ಸಿಹಿಕಾರಕವೂ ಸಿಹಿಯೇ. ಆದರೂ ಇಲಿಗಳು ಸಕ್ಕರೆಯ ನೀರನ್ನೇ ಆರಿಸಿಕೊಳ್ಳುತ್ತವೆ. ಸಕ್ಕರೆ ತಾಕಿದಾಗ ಗ್ಲುಟಮೇಟ್ ಮೂಲಕವೂ, ಕೃತಕ ಸಿಹಿ ತಾಕಿದಾಗ ಎಟಿಪಿ ಎಂಬ ಬೇರೊಂದು ರಾಸಾಯನಿಕದ ಮೂಲಕವೂ ನ್ಯೂರೋಪಾಡ್ ಕೋಶಗಳು ಸುದ್ದಿ ಕಳುಹಿಸುತ್ತವೆ. ಕರುಳಿನಲ್ಲಿ ಗ್ಲುಟಮೇಟ್ ಸಂಕೇತವನ್ನು ತಡೆದಾಗ ಇಲಿಗಳಿಗೆ ಸಕ್ಕರೆಯ ಮೇಲಿದ್ದ ಒಲವು ತಗ್ಗಿತು. ಅಂದರೆ ಯಾವುದು ಬೇಕೆಂಬ ಆಯ್ಕೆಯಲ್ಲಿ ನಾಲಿಗೆಯಷ್ಟೇ ಅಲ್ಲ, ಕರುಳಿನ ಪಾಲೂ ಇದೆ.

ಇವು ಇಲಿಗಳಲ್ಲಿ ಕಂಡ ಫಲಿತಾಂಶಗಳು. ಇವನ್ನು ತೋರಿಸಿ ‘ಕರುಳು–ಮಿದುಳಿನ ಸಂಪರ್ಕ ಸುಧಾರಿಸುತ್ತದೆ’ ಎಂದು ಯಾರಾದರೂ ಪುಡಿಯನ್ನೋ ಮಾತ್ರೆಯನ್ನೋ ಮಾರಲು ಬಂದರೆ, ವೈದ್ಯರನ್ನು ಕೇಳದೆ ದಯವಿಟ್ಟು ಕೊಳ್ಳಬೇಡಿ.